ನಿದ್ದೆಗೆಟ್ಟವರಿಗೆ ಮಾತ್ರೆಯೊಂದೇ ಗತಿಯೆ?

ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಯಾರಾದರೂ ಹೇಳಿಕೊಂಡರೆ ನಮ್ಮಲ್ಲಿ ಅವರಿಗೆ ಸಿಗುವ ಉತ್ತರಗಳು ಎರಡು. ಮನೆಯವರು, ನೆಂಟರು, ಸ್ನೇಹಿತರು 'ಸುಮ್ಮನೆ ಏನೇನೋ ತಲೆಗೆ ಹಚ್ಚಿಕೊಳ್ಳಬೇಡಿ' ಎನ್ನುತ್ತಾರೆ. ಡಾಕ್ಟರು ಚೀಟಿಯಲ್ಲಿ ಒಂದು ಮಾತ್ರೆ ಬರೆದುಕೊಡುತ್ತಾರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಈ ಎರಡೂ ಉತ್ತರಗಳ ಹಿಂದೆ ನಿಂತಿದೆ. ನಿದ್ದೆ ಕೆಟ್ಟಿದೆಯೆಂದರೆ ಒಳಗೆ ಏನೋ ಕೊರಗು ಇರಲೇಬೇಕು. ಕೊರಗು ಹೋದರೆ ನಿದ್ದೆ ತಾನಾಗಿ ಬರುತ್ತದೆ. ಹೋಗದಿದ್ದರೆ ಔಷಧಿಯಿಂದ ಬರಿಸಬೇಕು. ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಮಾಡಿರುವ ಕೆಲಸ ಈ ತಿಳಿವಳಿಕೆಯನ್ನು ಬಹುಮಟ್ಟಿಗೆ ಅಲ್ಲಗಳೆದಿದೆ. ತಿಂಗಳುಗಟ್ಟಲೆ ಕಾಡುವ ನಿದ್ರಾಹೀನತೆಗೆ ಮಾತ್ರೆಗಿಂತ ಹೆಚ್ಚು ಬಾಳಿಕೆಯ ಚಿಕಿತ್ಸೆ ಇದೆ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಆದರೂ ನಮ್ಮ ಬಹುಪಾಲು ರೋಗಿಗಳ ಕಿವಿಗೆ ಅದರ ಹೆಸರೂ ಬಿದ್ದಿಲ್ಲ. ನನ್ನ ತಕರಾರು ಇದೇ.

ಮೊದಲೇ ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ನಿದ್ದೆಗೆ ಸಮಯ ಸಿಗದಿರುವುದು ಬೇರೆ, ಸಮಯ ಸಿಕ್ಕರೂ ನಿದ್ದೆ ಬಾರದಿರುವುದು ಬೇರೆ. ನಸುಕಿನಲ್ಲೇ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಹಿಡಿಯುವ ಹೆಂಗಸಿಗೆ ಬೇಕಾಗಿರುವುದು ಬಿಡುವು, ಚಿಕಿತ್ಸೆಯಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗಿ ಎಚ್ಚರಗೊಳ್ಳುವವರ ತೊಂದರೆ ಇನ್ನೊಂದು ಬಗೆಯದು, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಮಲಗಲು ಅವಕಾಶವಿದ್ದೂ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಹತ್ತದೆ, ಅಥವಾ ನಡುರಾತ್ರಿ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದೆ, ಇದೇ ಸ್ಥಿತಿ ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸವೂ ಕೆಡುತ್ತಿದ್ದರೆ ಅದನ್ನು ನಿದ್ರಾಹೀನತೆಯ ಕಾಯಿಲೆ ಎನ್ನುತ್ತಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದು ಇದೆ ಎಂಬ ಅಂದಾಜು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಇದನ್ನು ಇನ್ನಾವುದೋ ಕಾಯಿಲೆಯ ನೆರಳು ಎಂದೇ ವೈದ್ಯಶಾಸ್ತ್ರವೂ ಬಹುಕಾಲ ನಂಬಿತ್ತು. ಖಿನ್ನತೆ ಇದ್ದವರಿಗೆ ನಿದ್ದೆ ಬರುವುದಿಲ್ಲ, ಹಾಗಾಗಿ ಖಿನ್ನತೆ ವಾಸಿಯಾದರೆ ನಿದ್ದೆಯೂ ಸರಿಹೋಗುತ್ತದೆ ಎಂಬ ಲೆಕ್ಕ. 1987ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ ಈ ಲೆಕ್ಕವನ್ನು ತಲೆಕೆಳಗು ಮಾಡುವ ಸರಳ ವಿವರಣೆ ಕೊಟ್ಟರು. ಕೆಲವರ ಮೈಮನಸ್ಸು ಹುಟ್ಟಿನಿಂದಲೇ ಹೆಚ್ಚು ಎಚ್ಚರದ್ದು. ಅದು ಒಣಹುಲ್ಲು. ಸಾವು, ಸಾಲ, ಕೆಲಸ ಹೋಗುವುದು, ಹೆರಿಗೆ, ಮಗಳ ಮದುವೆ, ಇಂಥ ಯಾವುದೋ ಒಂದು ಕಿಡಿ. ಕಿಡಿ ಬಿದ್ದಾಗ ಯಾರಿಗಾದರೂ ನಾಲ್ಕು ದಿನ ನಿದ್ದೆ ಕೆಡುತ್ತದೆ, ಅದರಲ್ಲಿ ಕಾಯಿಲೆಯೇನೂ ಇಲ್ಲ. ಸ್ಪೀಲ್‌ಮನ್ ನೋಡಿದ್ದು ಮೂರನೆಯದನ್ನು, ಕಿಡಿ ಆರಿದ ಮೇಲೂ ಉರಿಗೆ ಸೌದೆ ಒಡ್ಡುತ್ತಲೇ ಇರುವ ನಮ್ಮ ನಡವಳಿಕೆಯನ್ನು. ನಿದ್ದೆ ಕೆಟ್ಟವರು ಏನು ಮಾಡುತ್ತಾರೆ? ರಾತ್ರಿ ಒಂಬತ್ತಕ್ಕೇ ಹಾಸಿಗೆ ಸೇರುತ್ತಾರೆ. ಬೆಳಿಗ್ಗೆ ಎಚ್ಚರವಾದರೂ ಇನ್ನೊಂದು ಗಳಿಗೆ ಸಿಕ್ಕೀತೆಂದು ಬಿದ್ದುಕೊಂಡಿರುತ್ತಾರೆ. ಮಧ್ಯಾಹ್ನ ಒರಗುತ್ತಾರೆ. ರಾತ್ರಿಯ ಭಯದಲ್ಲಿ ಸಂಜೆಯ ಕಾರ್ಯಕ್ರಮಗಳನ್ನು ಬಿಡುತ್ತಾರೆ. ಕೆಟ್ಟ ನಿದ್ದೆಯನ್ನು ತುಂಬಿಕೊಳ್ಳಲು ಮಾಡುವ ಈ ಎಲ್ಲ ಏರ್ಪಾಡುಗಳೂ ಮುಂದಿನ ರಾತ್ರಿಯ ನಿದ್ದೆಯನ್ನು ತೆಳುವಾಗಿಸುತ್ತವೆ. ಸಾಲ ತೀರಿರುತ್ತದೆ, ಮಗಳು ಗಂಡನ ಮನೆಯಲ್ಲಿ ಸುಖವಾಗಿರುತ್ತಾಳೆ, ನಿದ್ದೆ ಮಾತ್ರ ಬಂದಿರುವುದಿಲ್ಲ. 'ನಿನಗೇನು ಚಿಂತೆ?' ಎಂದು ಕೇಳುವವರಿಗೆ ಆ ಮನುಷ್ಯ ಕೊಡಬಲ್ಲ ಉತ್ತರ ಇಲ್ಲ, ಏಕೆಂದರೆ ಈಗ ಅವರ ಚಿಂತೆ ನಿದ್ದೆಯದೇ.

ಸ್ಪೀಲ್‌ಮನ್‌ಗಿಂತ ಮೊದಲೇ, 1972ರಲ್ಲಿ, ರಿಚರ್ಡ್ ಬೂಟ್‌ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಸಿಗೆಯ ಮೇಲೆಯೇ ಗಮನ ಇಟ್ಟಿದ್ದರು. ಟಿವಿ ಮುಂದೆ ತೂಕಡಿಸುತ್ತಿದ್ದವರು ಹಾಸಿಗೆಗೆ ತಲೆಯಿಟ್ಟ ಕೂಡಲೇ ಕಣ್ಣುಬಿಟ್ಟುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಅವರೇ ರಾತ್ರಿ ಬಸ್ಸಿನಲ್ಲಿ, ನೆಂಟರ ಮನೆಯ ನಡುಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿಬಿಡುತ್ತಾರೆ. ಎಷ್ಟೋ ರಾತ್ರಿಗಳ ಹೊರಳಾಟ, ಗಡಿಯಾರ ನೋಡುವಿಕೆ, ನಾಳೆಯ ಲೆಕ್ಕಾಚಾರ ಎಲ್ಲವೂ ಅದೇ ಹಾಸಿಗೆಯ ಮೇಲೆ ನಡೆದು, ಕೊನೆಗೆ ಹಾಸಿಗೆಯೇ ಎಚ್ಚರದ ಸೂಚನೆಯಾಗಿಬಿಟ್ಟಿರುತ್ತದೆ. ಬೂಟ್‌ಜಿನ್ ಕೊಟ್ಟ ನಿಯಮಗಳು ನಾಲ್ಕೈದೇ. ಕಣ್ಣೆಳೆಯುವ ತನಕ ಮಲಗಬೇಡಿ. ಹಾಸಿಗೆಯಲ್ಲಿ ಓದು, ಫೋನು, ಲೆಕ್ಕಪತ್ರ ಯಾವುದೂ ಬೇಡ. ಹತ್ತಿಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಕೂತುಕೊಳ್ಳಿ, ತೂಕಡಿಕೆ ಬಂದಾಗ ಮಾತ್ರ ಮರಳಿ ಬನ್ನಿ, ರಾತ್ರಿಗೆ ಎಷ್ಟು ಸಲವಾದರೂ ಸರಿ. ಬೆಳಿಗ್ಗೆ ಏಳುವ ಹೊತ್ತು ಬದಲಾಗಕೂಡದು. ಹಗಲು ನಿದ್ದೆ ಬೇಡ. ಕೇಳಲು ಅಜ್ಜಿ ಹೇಳುವ ಬುದ್ಧಿಮಾತಿನಂತಿದೆ, ಮಾಡಲು ಬಲು ಕಷ್ಟ. ನಡುರಾತ್ರಿ ಬೆಚ್ಚಗಿನ ಹೊದಿಕೆ ಬಿಟ್ಟು ಏಳುವುದಕ್ಕೆ ಮನಸ್ಸನ್ನು ಒಪ್ಪಿಸಬೇಕಲ್ಲ!

ಸ್ಪೀಲ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿದ್ದೆ ಬಾರದವರಿಗೆ ಮಲಗುವ ಸಮಯವನ್ನೇ ಕಡಿಮೆ ಮಾಡಿದರು. ರೋಗಿ ಒಂದೆರಡು ವಾರ ನಿದ್ದೆಯ ದಿನಚರಿ ಬರೆಯುತ್ತಾರೆ. ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ನಿದ್ದೆ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಇನ್ನು ಮುಂದೆ ಅವರು ಹಾಸಿಗೆಯಲ್ಲಿ ಇರಬೇಕಾದದ್ದು ಆ ಐದೂವರೆ ಗಂಟೆ ಮಾತ್ರ, ರಾತ್ರಿ ಹನ್ನೆರಡೂವರೆಯಿಂದ ಬೆಳಿಗ್ಗೆ ಆರರ ತನಕ. ಸಾಮಾನ್ಯವಾಗಿ ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಹಾಸಿಗೆಯ ಸಮಯದ ಬಹುಪಾಲು ನಿದ್ದೆಯಲ್ಲೇ ಕಳೆಯತೊಡಗಿದಾಗ ಹದಿನೈದು ಹದಿನೈದು ನಿಮಿಷ ಸೇರಿಸುತ್ತ ಹೋಗುತ್ತಾರೆ. ಹಸಿವು ಹೆಚ್ಚಿದಂತೆ ಊಟ ಸೇರುತ್ತದಲ್ಲ, ನಿದ್ದೆಯ ಒತ್ತಡವೂ ಎಚ್ಚರವಾಗಿರುವ ಪ್ರತಿ ಗಂಟೆಯೊಂದಿಗೆ ಏರುತ್ತದೆ ಎಂಬುದನ್ನು ಸ್ವಿಟ್ಜರ್‌ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲೇ ಒಂದು ಮಾದರಿಯಾಗಿ ಮಂಡಿಸಿದ್ದರು. ಆ ಒತ್ತಡ ಕೂಡಿಬರಲು ಬಿಡಬೇಕು. ಮೊದಲ ಒಂದೆರಡು ವಾರ ಹಗಲಿನಲ್ಲಿ ಮಂಪರು, ಸಿಡುಕು ಹೆಚ್ಚುತ್ತದೆ. ಹಾಗಾಗಿ ವಾಹನ ಓಡಿಸುವವರು, ಎತ್ತರದಲ್ಲಿ ಇಲ್ಲವೇ ಯಂತ್ರಗಳ ಬಳಿ ಕೆಲಸ ಮಾಡುವವರು, ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ಇದನ್ನು ತಾವಾಗಿಯೇ ಮಾಡಿಕೊಳ್ಳಬಾರದು. ಬಲ್ಲವರ ಕಣ್ಣಳತೆಯಲ್ಲೇ ನಡೆಯಬೇಕು.

ಹಾಸಿಗೆಯಲ್ಲಿ ಹೆಚ್ಚು ಹೊತ್ತು ಕಳೆದರೆ ಹೆಚ್ಚು ನಿದ್ದೆ ಸಿಗುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸುವ ಒಂದು ಅಧ್ಯಯನ ನಮ್ಮ ಪಕ್ಕದ ಚೆನ್ನೈನಲ್ಲೇ ನಡೆದಿದೆ. ಅದು ನಿದ್ರಾಹೀನತೆಯ ರೋಗಿಗಳ ಮೇಲಿನದಲ್ಲ, ನಗರದ ಬಡ ದುಡಿಯುವ ಜನರ ನಿದ್ದೆಯನ್ನು ಕುರಿತದ್ದು, 2021ರಲ್ಲಿ ಪ್ರಕಟವಾಯಿತು. 452 ಮಂದಿಯ ಮಣಿಕಟ್ಟಿಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ನೋಡಿದಾಗ, ಎಂಟು ಗಂಟೆ ಮಲಗಿದರೂ ಅವರು ನಿಜಕ್ಕೂ ನಿದ್ದೆ ಮಾಡುತ್ತಿದ್ದುದು ಐದೂವರೆ ಗಂಟೆ. ಕಣ್ಣಿನ ಮುಸುಕು, ಕಿವಿಗೆ ಬಿರಡೆ, ಹಾಸಿಗೆ, ಫ್ಯಾನು, ತಿಳಿವಳಿಕೆಯ ಮಾತು ಎಲ್ಲ ಕೊಟ್ಟು ರಾತ್ರಿಯ ನಿದ್ದೆಯನ್ನು ಸರಾಸರಿ 27 ನಿಮಿಷ ಹೆಚ್ಚಿಸಲಾಯಿತು. ಅದರಿಂದ ಕೆಲಸದಲ್ಲಾಗಲಿ ಮನಸ್ಸಿನ ನೆಮ್ಮದಿಯಲ್ಲಾಗಲಿ ಗುರುತಿಸಬಹುದಾದ ಲಾಭ ಕಾಣಲಿಲ್ಲ. ಕೆಲಸದ ಜಾಗದಲ್ಲಿ ಮಧ್ಯಾಹ್ನ ಕೊಟ್ಟ ಒಂದು ಚಿಕ್ಕ ನಿದ್ದೆಯೇ ಹೆಚ್ಚು ಉಪಕಾರ ಮಾಡಿತು. ಸೆಕೆ, ಸೊಳ್ಳೆ, ಗದ್ದಲದ ನಡುವೆ ತುಂಡುತುಂಡಾದ ನಿದ್ದೆಗೆ ಇನ್ನಷ್ಟು ಹೊತ್ತು ಜೋಡಿಸಿದರೆ ಸಿಗುವುದು ಇನ್ನಷ್ಟು ತುಂಡುಗಳೇ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಇನ್ನು ಮನಸ್ಸಿನ ಪಾಲು. ಬೇರೆಲ್ಲ ಕೆಲಸಗಳಲ್ಲಿ ಪ್ರಯತ್ನ ಹೆಚ್ಚಿದಂತೆ ಫಲ ಹೆಚ್ಚುತ್ತದೆ. ನಿದ್ದೆಯಲ್ಲಿ ಮಾತ್ರ ಪ್ರಯತ್ನವೇ ಅಡ್ಡಿ. ನಿದ್ದೆ ಸಹಜವಾಗಿ ಬರುವವರು ಅದರ ಕಡೆ ಗಮನವನ್ನೇ ಕೊಡುವುದಿಲ್ಲ ಎಂಬಲ್ಲಿಂದ ಸ್ಕಾಟ್ಲೆಂಡಿನ ಕಾಲಿನ್ ಎಸ್ಪಿ ತಮ್ಮ ವಿಚಾರ ಶುರುಮಾಡಿದರು. ಗಮನ ಕೊಟ್ಟ ಕೂಡಲೇ ನಿದ್ದೆ ಮಾಡಬೇಕೆಂಬ ಉದ್ದೇಶ ಹುಟ್ಟುತ್ತದೆ, ಉದ್ದೇಶದಿಂದ ಹಟ ಹುಟ್ಟುತ್ತದೆ, ಹಟ ಎಚ್ಚರವನ್ನು ಹೊಡೆದೆಬ್ಬಿಸುತ್ತದೆ. ಹೀಗಾಗಿಯೇ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಬಹಳ ಹಿಂದೆ ಒಂದು ತಿರುಗುಮುರುಗು ಉಪಾಯ ಹೇಳಿದ್ದರು: ದೀಪ ಆರಿಸಿ ಮಲಗಿ, ಆದರೆ ಎಚ್ಚರವಾಗಿಯೇ ಇರಲು ಪ್ರಯತ್ನಿಸಿ. ಎಸ್ಪಿ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪರೀಕ್ಷಿಸಿದಾಗ ನಿದ್ದೆಗಾಗಿ ಒದ್ದಾಡುವ ಹಟವೂ ಆತಂಕವೂ ಇಳಿದದ್ದು ಕಂಡುಬಂತು.

ನಿದ್ದೆಯ ಬಗೆಗಿನ ನಮ್ಮ ನಂಬಿಕೆಗೆ ಎಷ್ಟು ಬಲವಿದೆ ಎಂಬುದನ್ನು ತೋರಿಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ನಿದ್ರಾಹೀನತೆ ಇದ್ದ 63 ಮಂದಿಗೆ ಮಣಿಕಟ್ಟಿನ ಸಾಧನ ಕೊಟ್ಟು, ಬೆಳಿಗ್ಗೆ ಎದ್ದಾಗ ಕೆಲವರಿಗೆ 'ನಿನ್ನೆ ನಿಮಗೆ ಒಳ್ಳೆಯ ನಿದ್ದೆಯಾಗಿದೆ' ಎಂದೂ ಉಳಿದವರಿಗೆ 'ಸರಿಯಾಗಿ ನಿದ್ದೆಯಾಗಿಲ್ಲ' ಎಂದೂ ತೋರಿಸಿದರು. ಎರಡೂ ಹುಸಿ ವರದಿಗಳು. ನಿಜವಾದ ನಿದ್ದೆಗೂ ಅದಕ್ಕೂ ಸಂಬಂಧವಿರಲಿಲ್ಲ. ಕೆಟ್ಟ ವರದಿ ಕಂಡವರು ದಿನವಿಡೀ ಹೆಚ್ಚು ಮಂಪರು, ಹೆಚ್ಚು ಬೇಸರ ಅನುಭವಿಸಿದರು. ಕೈಗಡಿಯಾರದಲ್ಲಿ ದಿನಾ ಬೆಳಿಗ್ಗೆ ನಿದ್ದೆಯ ಅಂಕ ನೋಡಿಕೊಳ್ಳುವವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. 1976ರಲ್ಲೇ ಮೇರಿ ಕಾರ್ಸ್‌ಕಡನ್ ಮತ್ತು ಸಂಗಡಿಗರು 122 ಮಂದಿಯನ್ನು ಪ್ರಯೋಗಾಲಯದಲ್ಲಿ ಮಲಗಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದ್ದರು. ನಿದ್ದೆ ಬಾರದೆ ಹೊರಳಾಡಿದ ಹೊತ್ತನ್ನು ಬಹುತೇಕರು ಹೆಚ್ಚಾಗಿ ಹೇಳಿದರು, ಬಂದ ನಿದ್ದೆಯನ್ನು ಕಡಿಮೆಯಾಗಿ ಹೇಳಿದರು.

ಇಲ್ಲಿ ಒಂದು ಅನ್ಯಾಯಕ್ಕೆ ದಾರಿಯಾಗುತ್ತದೆ, ಅದನ್ನು ತಡೆಯಬೇಕು. 'ನೋಡಿದೆಯಾ, ರಾತ್ರಿಯೆಲ್ಲ ನಿದ್ದೆ ಇಲ್ಲ ಅನ್ನುತ್ತಿದ್ದೆ, ಗೊರಕೆ ಹೊಡೀತಿದ್ದೆ' ಎಂದು ಮನೆಯವರು ನಗುವುದುಂಟು. ಆ ರೋಗಿ ಸುಳ್ಳು ಹೇಳುತ್ತಿಲ್ಲ. ನಿದ್ರಾಹೀನರು ನಿದ್ರಿಸುವಾಗಲೂ ಅವರ ಮಿದುಳಿನಲ್ಲಿ ಎಚ್ಚರದ ಗುರುತಾದ ವೇಗದ ಅಲೆಗಳು ಹೆಚ್ಚಾಗಿರುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಹೊರಗಿನವರಿಗೆ ನಿದ್ದೆಯಂತೆ ಕಂಡದ್ದು ಒಳಗಿದ್ದವರಿಗೆ ಎಚ್ಚರದಂತೆ ಅನ್ನಿಸಿದರೆ ಅವರನ್ನು ಗೇಲಿ ಮಾಡಲು ನಮಗೆ ಯಾವ ಅಧಿಕಾರವೂ ಇಲ್ಲ.

ಬೂಟ್‌ಜಿನ್‌ರ ನಿಯಮ, ಸ್ಪೀಲ್‌ಮನ್‌ರ ಸಮಯ ಮಿತಿ, ನಿದ್ದೆಯ ಬಗೆಗಿನ ಭಯಗಳನ್ನು ಒಂದೊಂದಾಗಿ ಒರೆಗೆ ಹಚ್ಚುವ ಮಾತುಕತೆ, ಇವೆಲ್ಲ ಸೇರಿ ಇಂದು ಸಿಬಿಟಿ-ಐ ಎಂದು ಕರೆಯುವ ಚಿಕಿತ್ಸೆಯಾಗಿದೆ. ಸಾಮಾನ್ಯವಾಗಿ ಆರೆಂಟು ವಾರಗಳ ಕೆಲಸ. ಕೆನಡಾದ ಚಾರ್ಲ್ಸ್ ಮೊರಿನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 78 ಹಿರಿಯರು ನಾಲ್ಕು ಗುಂಪುಗಳಲ್ಲಿದ್ದರು: ಒಂದಕ್ಕೆ ಈ ಚಿಕಿತ್ಸೆ, ಒಂದಕ್ಕೆ ನಿದ್ದೆ ಮಾತ್ರೆ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಹುಸಿ ಮಾತ್ರೆ. ಚಿಕಿತ್ಸೆಯ ವಾರಗಳಲ್ಲಿ ಮೊದಲ ಮೂರೂ ಗುಂಪುಗಳು ಸುಧಾರಿಸಿದವು. ಎರಡು ವರ್ಷಗಳ ಹಿಂಬಾಲಿಕೆಯಲ್ಲಿ ಗಳಿಕೆಯನ್ನು ಚೆನ್ನಾಗಿ ಉಳಿಸಿಕೊಂಡವರು ಮಾತ್ರೆಯಿಲ್ಲದೆ ನಡವಳಿಕೆ ಬದಲಿಸಿಕೊಂಡವರು. 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, ದೀರ್ಘಕಾಲದ ನಿದ್ರಾಹೀನತೆ ಇರುವ ಎಲ್ಲ ವಯಸ್ಕರಿಗೂ ಮೊದಲು ಕೊಡಬೇಕಾದದ್ದು ಇದೇ ಚಿಕಿತ್ಸೆ ಎಂದು ಶಿಫಾರಸು ಮಾಡಿತು. ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ನಿದ್ದೆಗೇಡು ಖಿನ್ನತೆಯ ನೆರಳೇ ಆಗಿದ್ದರೆ 2022ರ ಫಲಿತಾಂಶವೊಂದು ಸಾಧ್ಯವಾಗುತ್ತಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಮೈಕೆಲ್ ಇರ್ವಿನ್ ಮತ್ತು ಸಂಗಡಿಗರು, ನಿದ್ರಾಹೀನತೆ ಇದ್ದರೂ ಖಿನ್ನತೆ ಇಲ್ಲದ, ಅರವತ್ತು ದಾಟಿದ 291 ಮಂದಿಯನ್ನು ಮೂರು ವರ್ಷ ಗಮನಿಸಿದರು. ನಿದ್ದೆಯ ಬಗ್ಗೆ ತಿಳಿವಳಿಕೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 25.9 ಮಂದಿಗೆ ಖಿನ್ನತೆ ಬಂತು. ಸಿಬಿಟಿ-ಐ ಪಡೆದವರಲ್ಲಿ ಶೇ. 12.2. ನಿದ್ದೆಯನ್ನು ಸರಿಪಡಿಸಿ ಖಿನ್ನತೆಯನ್ನು ತಡೆಯಬಹುದಾದರೆ, 'ಮೊದಲು ಚಿಂತೆ ಬಿಡು, ನಿದ್ದೆ ಆಮೇಲೆ ಬರುತ್ತದೆ' ಎನ್ನುವ ಸಲಹೆಯ ಕ್ರಮವೇ ತಪ್ಪು.

ಮಾತ್ರೆಯನ್ನು ನಾನು ಶತ್ರುವೆಂದು ಬಗೆದಿಲ್ಲ. ಸಾವಿನ ಮನೆಯಲ್ಲಿ, ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ದಿನಗಳಲ್ಲಿ ಅದು ಕರುಣೆಯ ಕೆಲಸ ಮಾಡುತ್ತದೆ. ನಾಲ್ಕು ದಿನದ ಮಾತ್ರೆ ನಾಲ್ಕು ವರ್ಷ ಮುಂದುವರಿಯುವುದೇ ತೊಂದರೆ. ದೇಹ ಒಗ್ಗಿಕೊಳ್ಳುತ್ತದೆ, ತಟ್ಟನೆ ನಿಲ್ಲಿಸಿದರೆ ಕೆಲವು ರಾತ್ರಿ ನಿದ್ದೆ ಮೊದಲಿಗಿಂತ ಹೆಚ್ಚು ಕೆಡುತ್ತದೆ, ರೋಗಿ ಅದನ್ನು ಕಂಡು ತನಗಿನ್ನು ಮಾತ್ರೆಯಿಲ್ಲದೆ ನಿದ್ದೆಯೇ ಇಲ್ಲವೆಂದು ತೀರ್ಮಾನಿಸುತ್ತಾರೆ. ವಯಸ್ಸಾದವರಲ್ಲಿ ಮರೆವು, ರಾತ್ರಿ ಎದ್ದಾಗ ಜೋಲಿ ತಪ್ಪಿ ಬೀಳುವುದು, ಸೊಂಟದ ಮೂಳೆ ಮುರಿಯುವುದು ಇದರ ಜೊತೆ ಬರುವ ಅಪಾಯಗಳು. ಜೋಲ್ಪಿಡೆಮ್ ಮತ್ತು ಅದರ ಬಳಗದ ಮಾತ್ರೆಗಳ ಮೇಲೆ, ನಿದ್ದೆಯಲ್ಲೇ ನಡೆಯುವ, ವಾಹನ ಓಡಿಸುವ ಪ್ರಕರಣಗಳ ಕಾರಣದಿಂದ, ಅಮೆರಿಕದ ಔಷಧ ಇಲಾಖೆ 2019ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. ನಮ್ಮಲ್ಲಿ ಆಲ್‌ಪ್ರಜೋಲಮ್, ಜೋಲ್ಪಿಡೆಮ್ ಎರಡೂ 2014ರಿಂದ ಎಚ್1 ಅನುಸೂಚಿಯಲ್ಲಿವೆ. ಮಾರಿದ ಪ್ರತಿ ಸಲ ಮೆಡಿಕಲ್ ಸ್ಟೋರಿನವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಆದರೂ ಹಳೇ ಚೀಟಿ ತೋರಿಸಿ, ಕೆಲವೊಮ್ಮೆ ಖಾಲಿ ಸ್ಟ್ರಿಪ್ ತೋರಿಸಿ ಕೊಳ್ಳುವುದು ನಡೆದೇ ಇದೆ. ಡಾಕ್ಟರನ್ನು ಮಾತ್ರ ದೂರಿ ಫಲವಿಲ್ಲ. ಹೊರರೋಗಿ ವಿಭಾಗದ ಸಾಲು ಬಾಗಿಲಾಚೆ ಹೋಗಿರುವಾಗ ನಿದ್ದೆಯ ದಿನಚರಿ ಬರೆಯಲು ಕಲಿಸುವಷ್ಟು ಹೊತ್ತು ಅವರಿಗೆಲ್ಲಿದೆ?

ಪತ್ರಿಕೆಗಳ ಆರೋಗ್ಯ ಪುಟಗಳೂ ಇದರಲ್ಲಿ ಪಾಲುದಾರರು. ಮಲಗುವ ಮುನ್ನ ಬಿಸಿ ಹಾಲು, ಜಾಯಿಕಾಯಿ, ಸಂಜೆಯ ಮೇಲೆ ಕಾಫಿ ಬೇಡ, ಫೋನು ದೂರ ಇಡಿ ಎಂಬ ಪಟ್ಟಿ ತಿಂಗಳಿಗೊಮ್ಮೆ ಬರುತ್ತದೆ. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ದೀರ್ಘಕಾಲದ ನಿದ್ರಾಹೀನತೆಗೆ ಈ ಸಲಹೆಗಳನ್ನಷ್ಟೇ ಚಿಕಿತ್ಸೆಯಾಗಿ ಕೊಡಬಾರದೆಂದು ಅಮೆರಿಕದ ನಿದ್ರಾವೈದ್ಯರ ಸಂಘದ 2021ರ ಮಾರ್ಗಸೂಚಿ ಹೇಳಿದೆ. ಹಲವು ಪ್ರಯೋಗಗಳಲ್ಲಿ ಇದನ್ನು ಬಳಸುವುದೇ ಹೋಲಿಕೆಯ ಗುಂಪಿಗೆ. ಪಟ್ಟಿಯನ್ನೆಲ್ಲ ಪಾಲಿಸಿಯೂ ನಿದ್ದೆ ಬಾರದಾಗ ರೋಗಿಗೆ ಉಳಿಯುವುದು 'ನನ್ನದು ವಾಸಿಯಾಗದ ಕೇಸು' ಎಂಬ ಹತಾಶೆ.

ಒಂದು ಗಟ್ಟಿ ಆಕ್ಷೇಪ ಇದೆ. ನಡವಳಿಕೆ ಬದಲಿಸಿಕೊ ಎಂದರೆ ತಪ್ಪನ್ನು ರೋಗಿಯ ತಲೆಗೇ ಕಟ್ಟಿದಂತಲ್ಲವೆ? ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಮಲಗಿರುವಾಗ, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗು ಎಂದರೆ ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿಯುವವರಿಗೆ ಏಳುವ ಹೊತ್ತು ಬದಲಿಸಬೇಡಿ ಎಂದರೆ ಅರ್ಥವಿದೆಯೆ? ಆಕ್ಷೇಪದ ಮೊದಲ ಭಾಗಕ್ಕೆ ನನ್ನ ಉತ್ತರ ಇಷ್ಟು. ಕಷ್ಟದಲ್ಲಿದ್ದವರು ಮಾಡಿಕೊಂಡ ಏರ್ಪಾಡುಗಳು ತಪ್ಪುಗಳಲ್ಲ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಅವು ಕೆಲಸಕ್ಕೆ ಬರುವುದಿಲ್ಲ ಎಂದು ತಿಳಿಸುವುದು ದೂಷಣೆಯಾಗುವುದಿಲ್ಲ. ಎರಡನೆಯ ಭಾಗವನ್ನು ನಾನು ಒಪ್ಪುತ್ತೇನೆ. ಪಾಳಿ ಕೆಲಸದ ಹೊಡೆತಕ್ಕೆ ಪರಿಹಾರ ಕಂಪನಿಗಳ ವೇಳಾಪಟ್ಟಿಯಲ್ಲಿದೆ, ಮನಶ್ಶಾಸ್ತ್ರದಲ್ಲಿಲ್ಲ. ಒಂದೇ ಕೋಣೆಯ ಮನೆಯ ವಿಷಯದಲ್ಲಾದರೆ ನಿಯಮವನ್ನು ನಮ್ಮ ಬದುಕಿಗೆ ತಕ್ಕಂತೆ ಬಗ್ಗಿಸಬಹುದು. ಬೂಟ್‌ಜಿನ್‌ಗೆ ಬೇಕಾಗಿದ್ದದ್ದು ಹಾಸಿಗೆಗೂ ಎಚ್ಚರಕ್ಕೂ ನಡುವೆ ಒಂದು ಗೆರೆ. ಬೆಳಿಗ್ಗೆ ಎದ್ದೊಡನೆ ಚಾಪೆ ಸುತ್ತಿಟ್ಟು ಹಗಲೆಲ್ಲ ಅದನ್ನು ಮುಟ್ಟದ ಮನೆಗಳಲ್ಲಿ ಅರ್ಧ ಗೆರೆ ಆಗಲೇ ಎಳೆದಿದೆ. ಉಳಿದರ್ಧಕ್ಕೆ ಗೋಡೆಗೊರಗಿ ಕೂರುವ ಒಂದು ಮೂಲೆ, ಹಳ್ಳಿಯಾದರೆ ಜಗಲಿ ಸಾಕು. ಇಂಥ ಹೊಂದಾಣಿಕೆಗಳನ್ನು ಕನ್ನಡದಲ್ಲಿ, ಇಲ್ಲಿನ ಮನೆಗಳನ್ನು ಕಂಡವರು ಬರೆದು ಪರೀಕ್ಷಿಸಬೇಕು.

ಇದನ್ನೆಲ್ಲ ಕಲಿಸುವವರು ಯಾರು? ತರಬೇತಾದ ಮನಶ್ಶಾಸ್ತ್ರಜ್ಞರು ನಮ್ಮಲ್ಲಿ ತೀರಾ ಕಡಿಮೆ, ಇರುವವರೂ ದೊಡ್ಡ ಊರುಗಳಲ್ಲೇ ಇದ್ದಾರೆ. ಇಂಗ್ಲೆಂಡಿನಲ್ಲಿ 642 ಮಂದಿಯೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ದಾರಿ ತೋರಿಸಿದೆ. ಅಲ್ಲಿ ಸ್ಪೀಲ್‌ಮನ್‌ರ ಸಮಯ ಮಿತಿಯ ವಿಧಾನವನ್ನು ಕಲಿಸಿದವರು ಪ್ರಾಥಮಿಕ ಚಿಕಿತ್ಸಾಲಯಗಳ ನರ್ಸುಗಳು. ನಾಲ್ಕು ಭೇಟಿ, ಅದರಲ್ಲೂ ಕೆಲವು ಫೋನಿನಲ್ಲಿ. ಆರು ತಿಂಗಳ ನಂತರ ಅವರ ರೋಗಿಗಳ ನಿದ್ರಾಹೀನತೆ, ಸಲಹಾ ಕೈಪಿಡಿಯನ್ನಷ್ಟೇ ಪಡೆದವರಿಗಿಂತ ಗಣನೀಯವಾಗಿ ಇಳಿದಿತ್ತು. ಕರ್ನಾಟಕಕ್ಕೆ ಈ ದಾರಿ ಹೊಸದೇನೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗವನ್ನು ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇದಕ್ಕಿಂತ ಕಠಿಣವಾದ ಕಾಯಿಲೆಗಳನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನಿಭಾಯಿಸಬಹುದೆಂದು ತೋರಿಸಿಕೊಟ್ಟ ನಾಡು ನಿದ್ದೆಯ ದಿನಚರಿಯೊಂದನ್ನು ನರ್ಸುಗಳ ಕೈಗೆ ಕೊಡಲಾರದೆ? ಆರೋಗ್ಯ ಇಲಾಖೆ ಎರಡು ಜಿಲ್ಲೆಗಳಲ್ಲಾದರೂ ಇದನ್ನು ಮಾಡಿ ನೋಡಬೇಕು.

ಅಲ್ಲಿಯ ತನಕ ಓದುಗರಲ್ಲಿ ಒಂದು ಮಾತು. ವರ್ಷಗಳಿಂದ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಡಾಕ್ಟರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಮುಂದಿನ ಭೇಟಿಯಲ್ಲಿ ಸಿಬಿಟಿ-ಐ ಎಲ್ಲಿ ಸಿಗುತ್ತದೆ ಎಂದು ಹೆಸರು ಹಿಡಿದು ಕೇಳಿ. ಊರಿನಲ್ಲಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು.